ಕಾಣದ ಕಿರಣಕ್ಕೆ ಅಳತೆಗೋಲು ಕೊಟ್ಟ ಡಾ. ಲೂಯಿ ಹೆರಾಲ್ಡ್ ಗ್ರೇ

ಕ್ಯಾನ್ಸರ್ ರೋಗಕ್ಕೆ ವಿಕಿರಣ ಚಿಕಿತ್ಸೆ ಪಡೆಯುವವರ ಕಡತವನ್ನು ತೆರೆದು ನೋಡಿದರೆ ಅದರಲ್ಲಿ ಒಂದು ಪದ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ದಿನಕ್ಕೆ 2 ಗ್ರೇ, ಒಟ್ಟು 50 ಗ್ರೇ, 25 ಬಾರಿ ಎಂದು ವೈದ್ಯರು ಬರೆದಿರುತ್ತಾರೆ. ಮಾತ್ರೆಗೆ ಮಿಲಿಗ್ರಾಂ ಇದ್ದಂತೆ ವಿಕಿರಣಕ್ಕೆ ಗ್ರೇ ಎಂದು ರೋಗಿಯ ಕಡೆಯವರು ಅರ್ಥ ಮಾಡಿಕೊಳ್ಳುತ್ತಾರೆ, ಅದು ಸರಿಯೂ ಹೌದು. ಆದರೆ ಗ್ರೇ ಎಂಬುದು ಒಬ್ಬ ಮನುಷ್ಯನ ಹೆಸರು ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಆತ ವೈದ್ಯನಲ್ಲ, ಭೌತವಿಜ್ಞಾನಿ. ದೊಡ್ಡ ವಿಶ್ವವಿದ್ಯಾನಿಲಯದ ಪ್ರಯೋಗಶಾಲೆಯನ್ನು ಬಿಟ್ಟು ಆಸ್ಪತ್ರೆಯೊಂದರ ಕೆಲಸಕ್ಕೆ ಬಂದು, ಕಣ್ಣಿಗೆ ಕಾಣದ, ಮೈಗೆ ತಾಗದ ಕಿರಣವನ್ನು ಅಳೆಯುವ ದಾರಿ ತೋರಿಸಿದವರು ಲೂಯಿ ಹೆರಾಲ್ಡ್ ಗ್ರೇ. ಇಂದು ಲೋಕದ ಯಾವ ಮೂಲೆಯಲ್ಲಿ ವಿಕಿರಣ ಚಿಕಿತ್ಸೆ ನಡೆದರೂ ಅದು ಅವರ ಹೆಸರಿನಲ್ಲೇ ಲೆಕ್ಕಕ್ಕೆ ಬರುತ್ತದೆ.

ನಮ್ಮ ಊರುಗಳಿಂದಲೂ ಮಂಗಳೂರು, ಮಣಿಪಾಲ, ಬೆಂಗಳೂರಿನ ಆಸ್ಪತ್ರೆಗಳಿಗೆ ವಾರಗಟ್ಟಲೆ ಈ ಚಿಕಿತ್ಸೆಗಾಗಿ ಹೋಗಿಬರುವವರು ಅನೇಕರಿದ್ದಾರೆ. ಅವರ ಜೊತೆಗೆ ಹೋಗುವ ಬಂಧುಗಳಿಗೂ, ರೋಗಿಗಳ ಭೇಟಿ ಮಾಡುವ ಚರ್ಚಿನ ಕಾರ್ಯಕರ್ತರಿಗೂ ಈ ವ್ಯಕ್ತಿಯ ಜೀವನ ಪರಿಚಯ ಉಪಯೋಗಕ್ಕೆ ಬಂದೀತು.

ಬಾಲ್ಯ ಮತ್ತು ಶಿಕ್ಷಣ

ಗ್ರೇ ಹುಟ್ಟಿದ್ದು 1905ರ ನವೆಂಬರ್ 10ರಂದು, ಇಂಗ್ಲೆಂಡಿನಲ್ಲಿ. ಮನೆಯಲ್ಲಿ ಅನುಕೂಲ ಕಡಿಮೆ, ಹುಡುಗನಿಗೆ ಬುದ್ಧಿ ಹೆಚ್ಚು. ಗಣಿತ ಮತ್ತು ವಿಜ್ಞಾನದಲ್ಲಿ ತೋರಿದ ಜಾಣ್ಮೆಯಿಂದಾಗಿ ಆತನಿಗೆ ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಶಾಲೆಯಲ್ಲಿ ಓದುವ ಅವಕಾಶ ದೊರೆಯಿತು. ಹೆಸರಿನಲ್ಲಿ ಆಸ್ಪತ್ರೆ ಎಂದಿದ್ದರೂ ಅದು ಆಸ್ಪತ್ರೆಯಲ್ಲ. ಲಂಡನ್ನಿನ ಬಡ ಮಕ್ಕಳಿಗಾಗಿ 1552ರಲ್ಲಿ ಆರಂಭವಾದ ಧರ್ಮಶಾಲೆ ಅದು. ಉದ್ದನೆಯ ನೀಲಿ ಅಂಗಿ ಇಂದಿಗೂ ಅಲ್ಲಿನ ಮಕ್ಕಳ ಸಮವಸ್ತ್ರ. ಬಡವರ ಮಕ್ಕಳಿಗೂ ಒಳ್ಳೆಯ ಶಿಕ್ಷಣ ಸಿಗಬೇಕೆಂದು ಸುಮಾರು ನಾಲ್ಕು ಶತಮಾನಗಳ ಹಿಂದೆ ಯಾರೋ ತೆಗೆದಿಟ್ಟ ದುಡ್ಡು ಈ ಹುಡುಗನನ್ನು ಓದಿಸಿತು.

ಅಲ್ಲಿಂದ ವಿದ್ಯಾರ್ಥಿವೇತನದ ಬಲದಿಂದ 1924ರಲ್ಲಿ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜನ್ನು ಸೇರಿದ ಗ್ರೇ, ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿ 1928ರಲ್ಲಿ ಅಲ್ಲಿನ ಕ್ಯಾವೆಂಡಿಶ್ ಪ್ರಯೋಗಶಾಲೆಯಲ್ಲಿ ಸಂಶೋಧನೆಗೆ ತೊಡಗಿದರು. ಪರಮಾಣುವಿನ ಒಳಗುಟ್ಟನ್ನು ಹೊರಗೆಡಹಿದ ಅರ್ನೆಸ್ಟ್ ರುದರ್‌ಫರ್ಡ್ ಆಗ ಅದರ ಮುಖ್ಯಸ್ಥರು. ಜೇಮ್ಸ್ ಚಾಡ್ವಿಕ್ ಅದೇ ಪ್ರಯೋಗಶಾಲೆಯಲ್ಲಿ 1932ರಲ್ಲಿ ನ್ಯೂಟ್ರಾನ್ ಕಂಡುಹಿಡಿದರು. ಭೌತವಿಜ್ಞಾನ ಕಲಿಯುವವನಿಗೆ ಆ ಕಾಲದಲ್ಲಿ ಅದಕ್ಕಿಂತ ದೊಡ್ಡ ಸ್ಥಳ ಇರಲಿಲ್ಲ.

ಅಳತೆಯ ಸಮಸ್ಯೆ ಏನು?

ಗ್ರೇ ಕೈಹಾಕಿದ ಕೆಲಸ ಏನೆಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1895ರಲ್ಲಿ ರಾಂಟ್‌ಜೆನ್ ಎಕ್ಸ್‌ರೇ ಕಂಡುಹಿಡಿದರು. ಕೆಲವೇ ತಿಂಗಳುಗಳಲ್ಲಿ ವೈದ್ಯರು ಅದನ್ನು ಗಡ್ಡೆಗಳ ಮೇಲೆ ಹಾಯಿಸತೊಡಗಿದರು. ರೇಡಿಯಂ ಬಂದ ಮೇಲೆ ಅದನ್ನೂ ಬಳಸಿದರು. ಗಡ್ಡೆ ಕರಗುವುದು ಕಂಡಿತು. ಆದರೆ ಎಷ್ಟು ಕೊಡಬೇಕು? ಅದನ್ನು ಅಳೆಯಲು ಅಳತೆಗೋಲೇ ಇರಲಿಲ್ಲ. ಚರ್ಮ ಕೆಂಪಾಗುವುದೇ ಆಗಿನ ಅಳತೆ. ಒಬ್ಬರ ಚರ್ಮ ಬೇಗ ಕೆಂಪಾಗುತ್ತದೆ, ಇನ್ನೊಬ್ಬರದು ನಿಧಾನ. ಹೊರಗೆ ಕೆಂಪಾದ ಮಾತ್ರಕ್ಕೆ ಒಳಗಿನ ಗಡ್ಡೆಗೆ ಎಷ್ಟು ತಲಪಿತೆಂದು ಹೇಳುವಂತಿರಲಿಲ್ಲ. ಒಂದು ಊರಿನ ವೈದ್ಯರು ಗುಣಪಡಿಸಿದ ಪ್ರಮಾಣವನ್ನು ಇನ್ನೊಂದು ಊರಿನವರು ಅನುಸರಿಸಲು ಆಗುತ್ತಿರಲಿಲ್ಲ.

ವಿಕಿರಣ ಚಿಕಿತ್ಸೆಯಲ್ಲಿ ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಕಡಿಮೆಯಾದರೆ ಕ್ಯಾನ್ಸರ್ ಮತ್ತೆ ತಲೆಯೆತ್ತುತ್ತದೆ. ಹೆಚ್ಚಾದರೆ ಅಕ್ಕಪಕ್ಕದ ಆರೋಗ್ಯವಂತ ಅಂಗಗಳಿಗೆ ಹಾನಿಯಾಗುತ್ತದೆ. ಈ ಎರಡರ ನಡುವಿನ ದಾರಿ ತೀರಾ ಕಿರಿದು. ರೋಗಿಗೆ ತಲಪುವ ಪ್ರಮಾಣದಲ್ಲಿ ನೂರಕ್ಕೆ ಐದರಷ್ಟು ವ್ಯತ್ಯಾಸವಾದರೂ ಫಲಿತಾಂಶ ಬದಲಾಗಬಹುದೆಂದು ಅಂತರರಾಷ್ಟ್ರೀಯ ತಜ್ಞರು 1976ರಲ್ಲಿ ಸ್ಪಷ್ಟಪಡಿಸಿದ್ದಾರೆ.

ಇದನ್ನು ಅಳೆಯುವುದು ಯಾಕೆ ಕಷ್ಟವೆಂದರೆ ಇದರಲ್ಲಿ ಶಕ್ತಿಯ ಪ್ರಮಾಣ ತೀರಾ ಸಣ್ಣದು. ಇಡೀ ಶರೀರಕ್ಕೆ ಒಮ್ಮೆಲೇ 4 ಗ್ರೇಯಷ್ಟು ವಿಕಿರಣ ತಾಗಿ, ಚಿಕಿತ್ಸೆ ಸಿಗದೆ ಹೋದರೆ, ಸುಮಾರು ಅರ್ಧದಷ್ಟು ಮಂದಿ ಬದುಕುಳಿಯುವುದಿಲ್ಲ. ಆದರೆ ಆ ವಿಕಿರಣದಲ್ಲಿರುವ ಒಟ್ಟು ಶಕ್ತಿ ಒಂದು ಗುಟುಕು ಬಿಸಿ ಚಹಾದ ಶಾಖಕ್ಕಿಂತಲೂ ಕಡಿಮೆ. 1 ಗ್ರೇ ವಿಕಿರಣ ನೀರಿನ ಉಷ್ಣತೆಯನ್ನು ಏರಿಸುವುದು ಒಂದು ಡಿಗ್ರಿಯ ಹತ್ತು ಸಾವಿರದಲ್ಲಿ ಎರಡೂವರೆ ಪಾಲಿನಷ್ಟೂ ಇಲ್ಲ. ಇದು ಸುಟ್ಟು ಕೊಲ್ಲುವ ಶಾಖವಲ್ಲ. ಜೀವಕೋಶದ ಒಳಗಿನ ಸೂಕ್ಷ್ಮ ತಂತುಗಳನ್ನು ತುಂಡರಿಸುವ ಕಿರಣ. ಆದುದರಿಂದ ರೋಗಿಗೂ ಗೊತ್ತಾಗುವುದಿಲ್ಲ, ಯಂತ್ರ ನಡೆಸುವವರಿಗೂ ಗೊತ್ತಾಗುವುದಿಲ್ಲ. ನಂಬಬೇಕಾದುದು ಅಳತೆಯನ್ನು ಮಾತ್ರ.

1928ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸೇರಿದ ಸಮ್ಮೇಳನವು ರಾಂಟ್‌ಜೆನ್ ಎಂಬ ಮಾನವನ್ನು ಒಪ್ಪಿಕೊಂಡಿತು. ಇದು ಕಿರಣವು ಗಾಳಿಯಲ್ಲಿ ಎಷ್ಟು ವಿದ್ಯುತ್ ಕಣಗಳನ್ನು ಹುಟ್ಟಿಸುತ್ತದೆ ಎಂಬುದರ ಲೆಕ್ಕ. ಸಾಧಾರಣ ಎಕ್ಸ್‌ರೇಗೆ ಇದು ಸಾಕಾಗುತ್ತಿತ್ತು. ಆದರೆ ರೇಡಿಯಂನ ಗಾಮಾ ಕಿರಣ ಬಲು ತೀಕ್ಷ್ಣ. ಅದು ಹೊರದೂಡಿದ ಎಲೆಕ್ಟ್ರಾನುಗಳು ಗಾಳಿಯಲ್ಲಿ ಮೀಟರುಗಟ್ಟಲೆ ದೂರ ಓಡುತ್ತವೆ. ಅವನ್ನೆಲ್ಲ ಹಿಡಿದು ಅಳೆಯಬೇಕಾದರೆ ಕೋಣೆಯಷ್ಟು ದೊಡ್ಡ ಉಪಕರಣ ಬೇಕು. ಇದಕ್ಕಿಂತಲೂ ಮುಖ್ಯವಾದ ಪ್ರಶ್ನೆ ಇನ್ನೊಂದಿತ್ತು. ರೋಗವಿರುವುದು ಶರೀರದಲ್ಲಿ, ಗಾಳಿಯಲ್ಲಿ ಅಲ್ಲ. ಶರೀರ ಹೀರಿಕೊಂಡ ಶಕ್ತಿ ಎಷ್ಟು ಎಂದು ತಿಳಿಯುವುದು ಹೇಗೆ?

ಸಣ್ಣ ಪೊಳ್ಳಿನ ಸೂತ್ರ

ಗ್ರೇ ಕೊಟ್ಟ ಉತ್ತರ ಕೇಳುವಾಗ ಸುಲಭವೆನಿಸುತ್ತದೆ. ಘನವಸ್ತುವೊಂದರ ಒಳಗೆ ಒಂದು ಸಣ್ಣ ಪೊಳ್ಳು ಮಾಡಿ ಅದರಲ್ಲಿ ಗಾಳಿ ತುಂಬಬೇಕು. ಆ ಪೊಳ್ಳು ಎಷ್ಟು ಸಣ್ಣದಿರಬೇಕೆಂದರೆ, ವಸ್ತುವಿನಲ್ಲಿ ಓಡುತ್ತಿರುವ ಎಲೆಕ್ಟ್ರಾನುಗಳ ಪ್ರವಾಹ ಅದರಿಂದಾಗಿ ಕದಡಬಾರದು. ಹೊಳೆಯ ಹರಿವನ್ನು ತಿಳಿಯಲು ಇಡೀ ಹೊಳೆಗೆ ಕಟ್ಟ ಕಟ್ಟಬೇಕೆಂದಿಲ್ಲ, ಹರಿವಿಗೆ ಅಡ್ಡಿಯಾಗದ ಸಣ್ಣ ಬುಟ್ಟಿಯೊಂದನ್ನು ಇಳಿಬಿಟ್ಟರೆ ಸಾಕು. ಇಲ್ಲಿಯೂ ಹಾಗೆಯೇ. ಪೊಳ್ಳಿನೊಳಗಿನ ಗಾಳಿಯಲ್ಲಿ ಹುಟ್ಟಿದ ವಿದ್ಯುತ್ ಕಣಗಳನ್ನು ಎಣಿಸಬೇಕು. ಗಾಳಿಯಲ್ಲಿ ಒಂದು ಜೋಡಿ ಕಣ ಹುಟ್ಟಲು ಸರಾಸರಿ ಸುಮಾರು 34 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಹೀಗೆ ಗಾಳಿ ಹೀರಿದ ಶಕ್ತಿ ಸಿಗುತ್ತದೆ. ಗಾಳಿಗೆ ಹೋಲಿಸಿದರೆ ಸುತ್ತಲಿನ ವಸ್ತು ಎಲೆಕ್ಟ್ರಾನುಗಳನ್ನು ಎಷ್ಟು ಪಟ್ಟು ತಡೆಯುತ್ತದೆ ಎಂಬ ಅನುಪಾತದಿಂದ ಅದನ್ನು ಗುಣಿಸಿದರೆ ಆ ವಸ್ತು ಹೀರಿದ ಶಕ್ತಿ ತಿಳಿಯುತ್ತದೆ.

ಈ ವಿಚಾರದ ಬೀಜವನ್ನು ವಿಲಿಯಂ ಹೆನ್ರಿ ಬ್ರಾಗ್ ಎಂಬ ಹಿರಿಯ ವಿಜ್ಞಾನಿ ಮೊದಲೇ ಬಿತ್ತಿದ್ದರು. ಅದನ್ನು ಲೆಕ್ಕದ ರೂಪಕ್ಕೆ ತಂದು, ಪ್ರಯೋಗದಿಂದ ಗಟ್ಟಿಮಾಡಿದವರು ಗ್ರೇ. ಅವರ ಲೇಖನಗಳು 1929 ಮತ್ತು 1936ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾದವು. ಬ್ರಾಗ್-ಗ್ರೇ ಸಿದ್ಧಾಂತವೆಂದೇ ಇಂದಿಗೂ ಅದನ್ನು ಕಲಿಸಲಾಗುತ್ತಿದೆ. ಆಸ್ಪತ್ರೆಗಳಲ್ಲಿ ವಿಕಿರಣ ಅಳೆಯಲು ಬಳಸುವ ಬೆರಳಿನಷ್ಟು ದಪ್ಪದ ಅಯಾನು ಕೋಶವನ್ನು ನೋಡಿದರೆ ಅದರ ತುದಿಯಲ್ಲಿ ಅರ್ಧ ಘನ ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಗಾಳಿ ಇರುತ್ತದೆ. ಅದು ಗ್ರೇಯವರ ಪೊಳ್ಳು.

ಕೇಂಬ್ರಿಜ್‌ನಲ್ಲಿ ಅವರ ಹೆಸರು ಬೆಳೆಯುತ್ತಿತ್ತು. ಟ್ರಿನಿಟಿ ಕಾಲೇಜು ಅವರನ್ನು ಫೆಲೋ ಆಗಿ ಆರಿಸಿಕೊಂಡಿತು. ಟ್ಯಾರೆಂಟ್ ಎಂಬ ಸಹೋದ್ಯೋಗಿಯ ಜೊತೆ ಸೇರಿ ತೀಕ್ಷ್ಣ ಗಾಮಾ ಕಿರಣದ ಚದುರುವಿಕೆಯನ್ನು ಅಭ್ಯಾಸ ಮಾಡುವಾಗ ಅವರಿಗೆ ಅರ್ಥವಾಗದ ಒಂದು ಬಗೆಯ ಕಿರಣ ಸಿಕ್ಕಿತು. ಅದು ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್‌ಗಳು ಕೂಡಿ ಇಲ್ಲವಾಗುವಾಗ ಹೊಮ್ಮುವ ಕಿರಣವೆಂದು ಬೇಗನೆ ಬೇರೆಯವರು ವಿವರಿಸಿದರು. ಇಂದು ಪೆಟ್ ಸ್ಕ್ಯಾನ್ ಯಂತ್ರ ಹಿಡಿಯುವುದು ಇದೇ ಕಿರಣವನ್ನು. 1932ರಲ್ಲಿ ಅವರ ಮದುವೆಯೂ ಆಯಿತು.

ಆಸ್ಪತ್ರೆಯತ್ತ ಹೆಜ್ಜೆ

ಮುಂದೆ ಪ್ರಾಧ್ಯಾಪಕ ಹುದ್ದೆಯ ದಾರಿ ಹಿಡಿಯಬಹುದಾಗಿದ್ದ ಗ್ರೇ, 1933-34ರ ಸುಮಾರಿಗೆ ಕೇಂಬ್ರಿಜ್ ಬಿಟ್ಟು ಲಂಡನ್ ಸಮೀಪದ ನಾರ್ತ್‌ವುಡ್‌ನಲ್ಲಿರುವ ಮೌಂಟ್ ವರ್ನನ್ ಆಸ್ಪತ್ರೆಗೆ ಭೌತವಿಜ್ಞಾನಿಯಾಗಿ ಬಂದರು. ಆಗ ಆಸ್ಪತ್ರೆಯಲ್ಲಿ ಭೌತವಿಜ್ಞಾನಿಗೆ ಏನು ಕೆಲಸ ಎಂದು ಕೇಳುವವರೇ ಹೆಚ್ಚು. ಆ ಹುದ್ದೆಗೆ ಕೇಂಬ್ರಿಜ್‌ನ ಕುರ್ಚಿಯ ಗೌರವ ಇರಲಿಲ್ಲ. ಆದರೆ ಅಲ್ಲಿ ರೇಡಿಯಂ ಇತ್ತು, ಎಕ್ಸ್‌ರೇ ಇತ್ತು, ಅದರಡಿ ಮಲಗುವ ರೋಗಿಗಳಿದ್ದರು. ಅಳತೆ ಸರಿಯಾಗಿದೆಯೋ ಇಲ್ಲವೋ ಎಂಬುದು ಅಲ್ಲಿ ಪುಸ್ತಕದ ಪ್ರಶ್ನೆಯಾಗಿರಲಿಲ್ಲ.

ಅಲ್ಲಿ ಅವರು ಮೊದಲು ಮಾಡಿದ ಕೆಲಸ ಗಾಮಾ ಕಿರಣದ ಅಳತೆಯನ್ನು ಭದ್ರಪಡಿಸಿದುದು. ನಂತರ ಅವರ ಗಮನ ನ್ಯೂಟ್ರಾನ್ ಕಡೆಗೆ ಹರಿಯಿತು. ಒಂದೇ ಪ್ರಮಾಣದ ಶಕ್ತಿ ಕೊಟ್ಟರೂ ನ್ಯೂಟ್ರಾನ್ ಮತ್ತು ಗಾಮಾ ಕಿರಣ ಜೀವಕೋಶದ ಮೇಲೆ ಬೇರೆ ಬೇರೆ ಪರಿಣಾಮ ಬೀರುತ್ತವೆಯೆ ಎಂಬುದು ಪ್ರಶ್ನೆ. ಜಾನ್ ರೀಡ್ ಎಂಬ ಸಹೋದ್ಯೋಗಿಯ ಜೊತೆಗೂಡಿ 1937ರ ಹೊತ್ತಿಗೆ ಅವರು ಆಸ್ಪತ್ರೆಯಲ್ಲೇ ನ್ಯೂಟ್ರಾನ್ ಯಂತ್ರವೊಂದನ್ನು ನಿರ್ಮಿಸಿದರು. ಪ್ರಯೋಗಕ್ಕೆ ಆರಿಸಿಕೊಂಡದ್ದು ಅವರೆಕಾಯಿಯ ಜಾತಿಗೆ ಸೇರಿದ ಒಂದು ಬಗೆಯ ದಪ್ಪ ಬೀನ್ಸ್ ಗಿಡದ ಬೇರು. ಮೊಳಕೆ ಬಂದ ಬೇರಿಗೆ ಇಷ್ಟು ಕಿರಣ ಹಾಯಿಸುವುದು, ದಿನದಿನವೂ ಅದು ಎಷ್ಟು ಉದ್ದ ಬೆಳೆಯಿತೆಂದು ನೋಡುವುದು. ನ್ಯೂಟ್ರಾನ್ ಹೆಚ್ಚು ಪ್ರಬಲವೆಂದು ಆ ಬೇರುಗಳು ತೋರಿಸಿಕೊಟ್ಟವು. ಎರಡು ಬಗೆಯ ಕಿರಣಗಳ ಜೈವಿಕ ಪರಿಣಾಮವನ್ನು ಹೋಲಿಸುವ ವಿಧಾನ ಈ ಕೆಲಸದಿಂದ ಗಟ್ಟಿಯಾಯಿತು.

ಇಂಥ ಹೋಲಿಕೆ ಮಾಡಬೇಕಾದರೆ ಎರಡೂ ಕಿರಣಗಳಿಗೆ ಒಂದೇ ಅಳತೆ ಬೇಕು. ಎರಡು ಅಂಗಡಿಗಳಲ್ಲಿ ಎರಡು ಬೇರೆ ಸೇರು ಇದ್ದರೆ ಅಕ್ಕಿಯ ಬೆಲೆ ಹೋಲಿಸುವಂತಿಲ್ಲ. ನ್ಯೂಟ್ರಾನ್ ಅನ್ನು ರಾಂಟ್‌ಜೆನ್‌ನಲ್ಲಿ ಅಳೆಯಲು ಬರುವುದಿಲ್ಲ. ಆದುದರಿಂದ ಕಿರಣ ಯಾವುದೇ ಇರಲಿ, ಶರೀರದ ಒಂದು ತೂಕಕ್ಕೆ ಎಷ್ಟು ಶಕ್ತಿ ಸೇರಿತು ಎಂಬುದೇ ಮಾನವಾಗಬೇಕು ಎಂಬ ವಿಚಾರವನ್ನು ಗ್ರೇ 1940ರ ಹೊತ್ತಿಗೇ ಮುಂದಿಟ್ಟರು. ಅದು ಒಪ್ಪಿಗೆಯಾಗಲು ಹದಿಮೂರು ವರ್ಷ ಹಿಡಿಯಿತು. 1953ರಲ್ಲಿ ಅಂತರರಾಷ್ಟ್ರೀಯ ಆಯೋಗವು ಇದೇ ತತ್ವದ ಮೇಲೆ ರ‍್ಯಾಡ್ ಎಂಬ ಮಾನವನ್ನು ಜಾರಿಗೆ ತಂದಿತು.

ಆಮ್ಲಜನಕದ ಗುಟ್ಟು

ಎರಡನೇ ಮಹಾಯುದ್ಧ ಮುಗಿದ ಮೇಲೆ 1946ರಲ್ಲಿ ಗ್ರೇ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿದ್ದ ವಿಕಿರಣ ಚಿಕಿತ್ಸಾ ಸಂಶೋಧನಾ ಘಟಕಕ್ಕೆ ಸೇರಿದರು. ಅಲ್ಲಿ ಅವರ ಕೆಲಸ ಅಳತೆಯಿಂದ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಒಂದೇ ಅಳತೆಯ ವಿಕಿರಣ ಕೊಟ್ಟರೂ ಕೆಲವು ಗಡ್ಡೆಗಳು ಕರಗುತ್ತವೆ, ಕೆಲವು ಜಗ್ಗುವುದಿಲ್ಲ. ಅದೇ ಗಡ್ಡೆಯಲ್ಲಿ ಕೆಲವು ಕೋಶಗಳು ಸಾಯುತ್ತವೆ, ಕೆಲವು ಉಳಿದು ಮತ್ತೆ ಬೆಳೆಯುತ್ತವೆ. ಯಾಕೆ?

ಗ್ರೇ ಮತ್ತು ಅವರ ಸಹೋದ್ಯೋಗಿಗಳು 1953ರಲ್ಲಿ ಪ್ರಕಟಿಸಿದ ಲೇಖನ ಇದಕ್ಕೆ ಒಂದು ಉತ್ತರ ಕೊಟ್ಟಿತು. ಕಿರಣ ಹಾಯುವ ಗಳಿಗೆಯಲ್ಲಿ ಕೋಶದಲ್ಲಿ ಆಮ್ಲಜನಕ ಇದೆಯೋ ಇಲ್ಲವೋ ಎಂಬುದು ಮುಖ್ಯ. ಆಮ್ಲಜನಕ ಚೆನ್ನಾಗಿರುವ ಕೋಶಕ್ಕೆ ಹೋಲಿಸಿದರೆ ಅದಿಲ್ಲದ ಕೋಶವನ್ನು ಕೊಲ್ಲಲು ಎರಡೂವರೆಯಿಂದ ಮೂರು ಪಟ್ಟು ವಿಕಿರಣ ಬೇಕಾಗುತ್ತದೆ. 1955ರಲ್ಲಿ ಥಾಮ್ಲಿನ್ಸನ್ ಎಂಬ ವೈದ್ಯರ ಜೊತೆ ಸೇರಿ ಅವರು ಶ್ವಾಸಕೋಶದ ಕ್ಯಾನ್ಸರಿನ ತೆಳು ತುಣುಕುಗಳನ್ನು ಪರೀಕ್ಷಿಸಿದರು. ರಕ್ತನಾಳದಿಂದ ಆಮ್ಲಜನಕ ಗಡ್ಡೆಯ ಒಳಗೆ ಇಳಿಯುವುದು ಒಂದು ಮಿಲಿಮೀಟರಿನ ಆರನೇ ಒಂದು ಪಾಲಿನಷ್ಟು ದೂರ ಮಾತ್ರ. ಅದಕ್ಕಿಂತ ಒಳಗಿನ ಕೋಶಗಳು ಸತ್ತಿರುತ್ತವೆ. ಸತ್ತ ಮತ್ತು ಬದುಕಿದ ಕೋಶಗಳ ಗಡಿಯಲ್ಲಿ ಉಸಿರು ಕಟ್ಟಿಯೂ ಜೀವ ಹಿಡಿದುಕೊಂಡಿರುವ ಕೋಶಗಳ ಒಂದು ಪಟ್ಟಿ ಇರುತ್ತದೆ. ವಿಕಿರಣಕ್ಕೆ ಜಗ್ಗದೆ ಉಳಿಯುವವು ಅವೇ.

ವಿಕಿರಣವನ್ನು ಒಂದೇ ದಿನ ಕೊಟ್ಟು ಮುಗಿಸದೆ ದಿನಕ್ಕೆ ಸ್ವಲ್ಪದಂತೆ ವಾರಗಟ್ಟಲೆ ಕೊಡುವುದು ಯಾಕೆ ಎಂದು ರೋಗಿಗಳು ಕೇಳುವುದುಂಟು. ಈ ಪದ್ಧತಿ ಗ್ರೇಗಿಂತ ಮೊದಲೇ ಅನುಭವದಿಂದ ಬಂದಿತ್ತು. ಎರಡು ಚಿಕಿತ್ಸೆಗಳ ನಡುವೆ ಆರೋಗ್ಯವಂತ ಕೋಶಗಳು ಚೇತರಿಸಿಕೊಳ್ಳುತ್ತವೆ ಎಂಬುದು ಒಂದು ಕಾರಣ. ಹೊರಗಿನ ಪದರದ ಕ್ಯಾನ್ಸರ್ ಕೋಶಗಳು ಸತ್ತಂತೆ ಒಳಗಿನವಕ್ಕೆ ಆಮ್ಲಜನಕ ಸಿಕ್ಕಿ, ಮುಂದಿನ ಬಾರಿ ಅವೂ ಕಿರಣಕ್ಕೆ ಬಲಿಯಾಗುತ್ತವೆ ಎಂಬುದು ಇನ್ನೊಂದು. ಈ ಎರಡನೆಯ ಕಾರಣ ತಿಳಿಯಲು ದಾರಿಯಾದದ್ದು ಗ್ರೇಯವರ ಕೆಲಸ. ನಡುವೆ ಚಿಕಿತ್ಸೆ ತಪ್ಪಿಸಬಾರದು ಎಂದು ವೈದ್ಯರು ಒತ್ತಿ ಹೇಳುವುದಕ್ಕೂ ಕಾರಣವಿದೆ. ಬಿಟ್ಟ ದಿನಗಳಲ್ಲಿ ಉಳಿದ ಕ್ಯಾನ್ಸರ್ ಕೋಶಗಳು ಬೆಳೆಯುತ್ತವೆ.

ಸ್ವಂತ ಪ್ರಯೋಗಶಾಲೆ, ಕೊನೆಯ ವರ್ಷಗಳು

1953ರಲ್ಲಿ ಗ್ರೇ ಹ್ಯಾಮರ್‌ಸ್ಮಿತ್ ಬಿಟ್ಟು ತಮ್ಮ ಹಳೆಯ ಮೌಂಟ್ ವರ್ನನ್ ಆಸ್ಪತ್ರೆಗೆ ಮರಳಿದರು. ಸಾರ್ವಜನಿಕರ ದೇಣಿಗೆಯಿಂದ ನಡೆಯುತ್ತಿದ್ದ ಬ್ರಿಟಿಷ್ ಎಂಪೈರ್ ಕ್ಯಾನ್ಸರ್ ಕ್ಯಾಂಪೇನ್ ಎಂಬ ಸಂಸ್ಥೆಯ ನೆರವಿನಿಂದ ಅಲ್ಲಿ ವಿಕಿರಣ ಜೀವವಿಜ್ಞಾನಕ್ಕಾಗಿಯೇ ಒಂದು ಸಂಶೋಧನಾ ಘಟಕ ಆರಂಭವಾಯಿತು. ಭೌತವಿಜ್ಞಾನಿ, ರಸಾಯನಶಾಸ್ತ್ರಜ್ಞ, ಜೀವವಿಜ್ಞಾನಿ, ವೈದ್ಯ ಎಲ್ಲರೂ ಒಂದೇ ಸೂರಿನಡಿ ಕುಳಿತು ಕೆಲಸ ಮಾಡುವ ವ್ಯವಸ್ಥೆ ಅದು. ನೀರಿನಲ್ಲಿ ವಿಕಿರಣ ಹಾಯುವಾಗ ಕ್ಷಣಮಾತ್ರ ಬದುಕುವ ಜಲವೇಷ್ಟಿತ ಎಲೆಕ್ಟ್ರಾನನ್ನು 1962ರಲ್ಲಿ ಹಾರ್ಟ್ ಮತ್ತು ಬೋಗ್ ಎಂಬವರು ಕಂಡದ್ದು ಇಲ್ಲಿಯೇ. 1961ರಲ್ಲಿ ಗ್ರೇ ರಾಯಲ್ ಸೊಸೈಟಿಯ ಸದಸ್ಯರಾದರು. 1962ರಲ್ಲಿ ಇಂಗ್ಲೆಂಡಿನ ಹ್ಯಾರೊಗೇಟ್‌ನಲ್ಲಿ ನಡೆದ ಎರಡನೇ ಅಂತರರಾಷ್ಟ್ರೀಯ ವಿಕಿರಣ ಸಂಶೋಧನಾ ಸಮ್ಮೇಳನದ ಅಧ್ಯಕ್ಷತೆಯೂ ಅವರಿಗೆ ಒಲಿಯಿತು.

1965ರ ಜುಲೈ 9ರಂದು ಗ್ರೇ ತೀರಿಕೊಂಡರು. ಆಗ ಅವರಿಗೆ 59 ವರ್ಷ. ಅವರು ಕಟ್ಟಿದ ಘಟಕ ಗ್ರೇ ಲ್ಯಾಬೊರೇಟರಿ ಎಂದು ಹೆಸರಾಗಿ ಹಲವು ದಶಕ ಅಲ್ಲಿಯೇ ನಡೆದು, 2008ರ ಸುಮಾರಿಗೆ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯಕ್ಕೆ ಸೇರಿತು.

ಅವರು ತೀರಿಕೊಂಡ ಹತ್ತು ವರ್ಷಗಳ ಮೇಲೆ, 1975ರಲ್ಲಿ, ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಮಹಾಸಭೆ ಹೀರಿಕೊಂಡ ವಿಕಿರಣದ ಮಾನಕ್ಕೆ ಗ್ರೇ ಎಂಬ ಹೆಸರಿಟ್ಟಿತು. ಒಂದು ಕಿಲೋಗ್ರಾಂ ವಸ್ತುವಿಗೆ ಒಂದು ಜೂಲ್ ಶಕ್ತಿ ಸೇರಿದರೆ ಅದು 1 ಗ್ರೇ. ಹಳೆಯ ಲೆಕ್ಕದಲ್ಲಿ 100 ರ‍್ಯಾಡ್. ನ್ಯೂಟನ್, ವ್ಯಾಟ್, ವೋಲ್ಟಾ ಇವರ ಸಾಲಿನಲ್ಲಿ ಆಸ್ಪತ್ರೆಯ ಭೌತವಿಜ್ಞಾನಿಯೊಬ್ಬನ ಹೆಸರು ಸೇರಿದ್ದು ಸಣ್ಣ ಸಂಗತಿಯಲ್ಲ.

ಅಳತೆ ತಪ್ಪಿದಾಗ

ಸೂತ್ರ ಇದ್ದ ಮಾತ್ರಕ್ಕೆ ಸಾಲದು, ಅದನ್ನು ದಿನವೂ ಪಾಲಿಸಬೇಕು ಎಂಬುದಕ್ಕೆ ಗ್ರೇಯವರ ನಂತರದ ಕೆಲವು ದುರಂತಗಳು ಸಾಕ್ಷಿ.

ಕೋಬಾಲ್ಟ್ ಯಂತ್ರದಲ್ಲಿರುವ ವಿಕಿರಣ ಮೂಲ ದಿನಕಳೆದಂತೆ ಕ್ಷೀಣಿಸುತ್ತದೆ. ತಿಂಗಳಿಗೆ ನೂರಕ್ಕೆ ಒಂದರಷ್ಟು ಇಳಿದು, ಐದು ವರ್ಷ ಮೂರು ತಿಂಗಳ ಹೊತ್ತಿಗೆ ಅರ್ಧವಾಗುತ್ತದೆ. ಅದಕ್ಕೆ ತಕ್ಕಂತೆ ರೋಗಿಗೆ ಕಿರಣ ಹಾಯಿಸುವ ಸಮಯವನ್ನು ಹೆಚ್ಚಿಸುತ್ತ ಹೋಗಬೇಕು. ಅಮೆರಿಕದ ಓಹಾಯೋ ರಾಜ್ಯದ ಆಸ್ಪತ್ರೆಯೊಂದರಲ್ಲಿ 1974ರಿಂದ 1976ರ ವರೆಗೆ ಈ ಇಳಿಕೆಯ ರೇಖೆಯನ್ನು ತಪ್ಪಾಗಿ ಎಳೆಯಲಾಗಿತ್ತು. ಮೂಲ ನಿಜಕ್ಕಿಂತ ವೇಗವಾಗಿ ಕ್ಷೀಣಿಸುತ್ತಿದೆ ಎಂದು ಭಾವಿಸಿ ಸಮಯವನ್ನು ಹೆಚ್ಚಿಸುತ್ತ ಹೋದರು. ಇಪ್ಪತ್ತೆರಡು ತಿಂಗಳ ಕಾಲ ಯಾರೂ ಯಂತ್ರದಡಿ ಉಪಕರಣ ಇಟ್ಟು ಅಳೆದು ನೋಡಲಿಲ್ಲ. 426 ರೋಗಿಗಳಿಗೆ ಮಿತಿಮೀರಿದ ವಿಕಿರಣ ತಗಲಿತು.

1988ರಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಹೊಸ ಕೋಬಾಲ್ಟ್ ಮೂಲವನ್ನು ಅಳೆಯುವಾಗ ಆದ ತಪ್ಪಿನಿಂದ 207 ಮಂದಿಗೆ ನೂರಕ್ಕೆ 25ರಷ್ಟು ಹೆಚ್ಚು ವಿಕಿರಣ ಹೋಯಿತು. 1996ರಲ್ಲಿ ಕೋಸ್ಟಾರಿಕಾ ದೇಶದಲ್ಲಿ 0.3 ನಿಮಿಷವನ್ನು 30 ಸೆಕೆಂಡ್ ಎಂದು ತಿಳಿದದ್ದೇ ಅನರ್ಥಕ್ಕೆ ಕಾರಣವಾಯಿತು. 0.3 ನಿಮಿಷವೆಂದರೆ 18 ಸೆಕೆಂಡ್. ಹದಿನೆಂಟು ಸೆಕೆಂಡಿನಲ್ಲಿ ಬಂದ ವಿಕಿರಣ ಮೂವತ್ತು ಸೆಕೆಂಡಿನಲ್ಲಿ ಬಂದದ್ದೆಂದು ಲೆಕ್ಕ ಹಾಕಿದ್ದರಿಂದ ಯಂತ್ರ ನಿಧಾನವೆಂಬ ಭಾವನೆ ಹುಟ್ಟಿತು. ಎಲ್ಲ ರೋಗಿಗಳಿಗೂ ಸಮಯ ಹೆಚ್ಚಿಸಲಾಯಿತು. 115 ಮಂದಿಗೆ ಬೇಕಾದುದಕ್ಕಿಂತ ಒಂದೂವರೆ ಪಟ್ಟಿಗೂ ಮಿಕ್ಕಿ ವಿಕಿರಣ ತಗಲಿ, ಹಲವರು ಅದರಿಂದಲೇ ಪ್ರಾಣ ಬಿಟ್ಟರು.

ತಪ್ಪು ಹೆಚ್ಚಾಗುವುದರಲ್ಲಿ ಮಾತ್ರವಲ್ಲ, ಕಡಿಮೆಯಾಗುವುದರಲ್ಲೂ ಇದೆ. ಇಂಗ್ಲೆಂಡಿನ ಸ್ಟೋಕ್‌ನಲ್ಲಿ 1982ರಿಂದ 1991ರ ವರೆಗೆ ಕಂಪ್ಯೂಟರ್ ಈಗಾಗಲೇ ಮಾಡಿದ್ದ ತಿದ್ದುಪಡಿಯನ್ನು ಸಿಬ್ಬಂದಿ ಕೈಯಿಂದ ಇನ್ನೊಮ್ಮೆ ಮಾಡುತ್ತಿದ್ದರು. ಸುಮಾರು ಸಾವಿರ ರೋಗಿಗಳಿಗೆ ಬೇಕಾದುದಕ್ಕಿಂತ ಕಡಿಮೆ ವಿಕಿರಣ ಸಿಕ್ಕಿತು. ಹೆಚ್ಚಾದಾಗ ಚರ್ಮ ಕೆಂಪಾಗಿ ಎಚ್ಚರಿಕೆ ಕೊಡುತ್ತದೆ. ಕಡಿಮೆಯಾದಾಗ ಎಚ್ಚರಿಸುವವರಿಲ್ಲ. ಒಂಬತ್ತು ವರ್ಷ ಅದು ಹಾಗೆಯೇ ನಡೆಯಿತು.

ಈ ಪ್ರಕರಣಗಳಲ್ಲಿ ಯಂತ್ರ ಕೆಟ್ಟಿರಲಿಲ್ಲ. ಕೆಟ್ಟ ಮನಸ್ಸಿನವರೂ ಅಲ್ಲಿರಲಿಲ್ಲ. ಒಬ್ಬರು ಮಾಡಿದ ಲೆಕ್ಕವನ್ನು ಇನ್ನೊಬ್ಬರು ಮತ್ತೆ ನೋಡಲಿಲ್ಲ, ಅಷ್ಟೇ.

ಇಂದಿನ ಪದ್ಧತಿ

ಇಂದು ವಿಕಿರಣ ಯಂತ್ರದ ಪರಿಶೀಲನೆ ಹಲವು ಹಂತಗಳಲ್ಲಿ ನಡೆಯುತ್ತದೆ. ಮನುಷ್ಯ ಶರೀರದ ಹೆಚ್ಚಿನ ಪಾಲು ನೀರು. ಹಾಗಾಗಿ ನೀರು ತುಂಬಿದ ತೊಟ್ಟಿಯನ್ನು ಯಂತ್ರದಡಿ ಇಟ್ಟು, ನಿಗದಿತ ಆಳದಲ್ಲಿ ಅಯಾನು ಕೋಶವನ್ನು ಮುಳುಗಿಸಿ ಅಳೆಯುತ್ತಾರೆ. ಕೋಶದೊಳಗಿನ ಗಾಳಿ ಹೊರಗಿನ ಗಾಳಿಯೊಡನೆ ಸೇರಿಕೊಂಡಿರುತ್ತದೆ. ಆದುದರಿಂದ ಉಷ್ಣತೆ ಮತ್ತು ವಾಯುಭಾರವನ್ನೂ ಬರೆದುಕೊಂಡು ಲೆಕ್ಕ ತಿದ್ದಬೇಕು. ಉಷ್ಣತೆಯಲ್ಲಿ 3 ಡಿಗ್ರಿ ವ್ಯತ್ಯಾಸವಾದರೆ ಅಳತೆ ನೂರಕ್ಕೆ ಒಂದರಷ್ಟು ತಪ್ಪುತ್ತದೆ. ನಮ್ಮ ಕರಾವಳಿಯಲ್ಲಿ ಮಳೆಗಾಲದ ವಾಯುಭಾರ ಚಳಿಗಾಲದ್ದಕ್ಕಿಂತ ಕಡಿಮೆ. ಅದನ್ನು ಮರೆತರೂ ಲೆಕ್ಕ ಕೆಡುತ್ತದೆ.

ಅಳೆಯುವ ಉಪಕರಣವೇ ಸರಿಯಿದೆಯೆ ಎಂದು ನೋಡುವವರು ಯಾರು? ಅದನ್ನು ನಿಗದಿತ ಅವಧಿಗೊಮ್ಮೆ ಮಾನಕ ಪ್ರಯೋಗಶಾಲೆಗೆ ಕಳಿಸಿ ಹೋಲಿಸಿ ನೋಡಬೇಕು. ಭಾರತದಲ್ಲಿ ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ಈ ವ್ಯವಸ್ಥೆಯಿದೆ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಿಗೆ ಇಲ್ಲದೆ ಯಾವ ಆಸ್ಪತ್ರೆಯೂ ವಿಕಿರಣ ಯಂತ್ರ ನಡೆಸುವಂತಿಲ್ಲ. ಅರ್ಹ ವೈದ್ಯಕೀಯ ಭೌತವಿಜ್ಞಾನಿ ಇರಲೇಬೇಕೆಂಬುದೂ ನಿಯಮ.

ಇದರ ಮೇಲೆ ಹೊರಗಿನವರ ಪರಿಶೀಲನೆಯೂ ಇದೆ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಮತ್ತು ವಿಶ್ವ ಆರೋಗ್ಯ ಸಂಸ್ಥೆ 1969ರಿಂದ ಲೋಕದ ಆಸ್ಪತ್ರೆಗಳಿಗೆ ಅಂಚೆಯ ಮೂಲಕ ಸಣ್ಣ ವಿಕಿರಣ ಮಾಪಕಗಳನ್ನು ಕಳಿಸುತ್ತಿವೆ. ಆಸ್ಪತ್ರೆಯವರು ಅದರ ಮೇಲೆ 2 ಗ್ರೇ ವಿಕಿರಣ ಹಾಯಿಸಿ ಹಿಂದಕ್ಕೆ ಕಳಿಸಬೇಕು. ನಿಜವಾಗಿ ಎಷ್ಟು ಹಾಯಿತೆಂದು ಅಲ್ಲಿ ಓದಿ ನೋಡುತ್ತಾರೆ. ನೂರಕ್ಕೆ ಐದಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಕಾರಣ ಹುಡುಕಲಾಗುತ್ತದೆ. ಆರಂಭದ ವರ್ಷಗಳಲ್ಲಿ ಈ ಮಿತಿಯೊಳಗೆ ಬಂದ ಆಸ್ಪತ್ರೆಗಳು ಅರ್ಧದಷ್ಟು ಮಾತ್ರ. ಈಗ ಬಹುತೇಕ ಎಲ್ಲವೂ ಬರುತ್ತವೆ. ಅಳೆಯುವ ಅಭ್ಯಾಸ ಬೆಳೆದುದರ ಫಲ ಇದು.

ನಮಗೆ ತಿಳಿದಿರಬೇಕಾದುದು

ವಿಕಿರಣ ಚಿಕಿತ್ಸಾ ವಿಭಾಗದಲ್ಲಿ ಬೆಳಿಗ್ಗೆ ಬೇಗ ಬಂದು ಕಾಯುವ ರೋಗಿಗಳು, ಯಂತ್ರ ಖಾಲಿಯಿದ್ದರೂ ತಮ್ಮನ್ನು ಒಳಗೆ ಕರೆಯುತ್ತಿಲ್ಲವೆಂದು ಬೇಸರಿಸುವುದುಂಟು. ಆ ಹೊತ್ತಿಗೆ ಭೌತವಿಜ್ಞಾನಿ ಅಥವಾ ತಂತ್ರಜ್ಞರು ಅಂದಿನ ಕಿರಣವನ್ನು ಅಳೆದು ನೋಡುತ್ತಿರುತ್ತಾರೆ. ಕೆಲವೊಮ್ಮೆ ಸಂಖ್ಯೆ ಸರಿಬಾರದೆ ಆ ದಿನದ ಚಿಕಿತ್ಸೆಯನ್ನೇ ಮುಂದೂಡಬೇಕಾಗುತ್ತದೆ. ದೂರದ ಊರಿನಿಂದ ಬಸ್ಸು ಹಿಡಿದು ಬಂದ ಬಡ ರೋಗಿಗೆ ಅದು ನಷ್ಟವೇ ಸರಿ. ಆದರೆ ಅಳೆಯದೆ ಮಾಡಿದ ಚಿಕಿತ್ಸೆಯ ನಷ್ಟ ಅದಕ್ಕಿಂತ ದೊಡ್ಡದು. ರೋಗಿಯ ಜೊತೆಗೆ ಹೋಗುವವರು ಇದನ್ನು ತಿಳಿದು ಅವರಿಗೆ ಎರಡು ಮಾತು ಹೇಳಿದರೆ ಕಾಯುವುದು ಸ್ವಲ್ಪ ಹಗುರವಾದೀತು. ತಮಗೆ ಕೊಡುವ ಪ್ರಮಾಣ ಎಷ್ಟು, ಎಷ್ಟು ಬಾರಿ, ಯಾವ ಭಾಗಕ್ಕೆ ಎಂದು ವೈದ್ಯರಲ್ಲಿ ಕೇಳುವ ಹಕ್ಕು ರೋಗಿಗಿದೆ. ನಿರೀಕ್ಷೆಗಿಂತ ಹೆಚ್ಚು ಉರಿ, ಹುಣ್ಣು ಕಂಡರೆ ಸಹಿಸಿಕೊಂಡು ಕೂರದೆ ಆ ದಿನವೇ ತಿಳಿಸಬೇಕು.

ವೈದ್ಯರ ಹೆಸರು ರೋಗಿಗೆ ನೆನಪಿರುತ್ತದೆ, ದಾದಿಯ ಮುಖ ನೆನಪಿರುತ್ತದೆ. ಗೋಡೆಯಾಚೆ ನೀರಿನ ತೊಟ್ಟಿಯ ಮುಂದೆ ನಿಂತು ಸಂಖ್ಯೆ ಬರೆದುಕೊಳ್ಳುವವರನ್ನು ಹೆಚ್ಚಿನ ರೋಗಿಗಳು ನೋಡಿರುವುದೇ ಇಲ್ಲ. ಡಾ. ಗ್ರೇ ಅಂಥವರಲ್ಲಿ ಮೊದಲಿಗರ ಸಾಲಿಗೆ ಸೇರಿದವರು. ಧರ್ಮಶಾಲೆಯಲ್ಲಿ ಓದಿದ ಹುಡುಗ ತನ್ನ ವಿದ್ಯೆಯನ್ನು ಹಾಸಿಗೆ ಹಿಡಿದವರ ಬಳಿಗೆ ತಂದ. ಈಗ ಪ್ರತಿದಿನ ಸಾವಿರಾರು ರೋಗಿಗಳ ಕಡತದಲ್ಲಿ ಆತನ ಹೆಸರು ಬರೆಯಲಾಗುತ್ತದೆ, ಪಕ್ಕದಲ್ಲಿ ಒಂದು ಸಂಖ್ಯೆಯೊಂದಿಗೆ. ಆ ಸಂಖ್ಯೆ ಸರಿಯಾಗಿರಬೇಕು. ಅದಕ್ಕಾಗಿಯೇ ಅವರು ದುಡಿದದ್ದು.